ಎಡಗಡೆಯ ತಂತಿ

ಎಡಗಡೆಯ ತಂತಿಯಲ್ಲಿ ಒಂದು ಎಳೆ ಕಡಿದಿರುವುದನ್ನು ಮೊದಲು ನೋಡಿದವನು ನಾನು. ನೋಡದೆ ಇದ್ದಿದ್ದರೆ ಅಣ್ಣ ಆ ಮಂಗಳವಾರವೇ ದೋಣಿಯನ್ನು ಹೊಳೆಗೆ ಇಳಿಸುತ್ತಿದ್ದ. ಅವತ್ತು ಹರಿಹರದಲ್ಲಿ ಒಳ್ಳೆಯ ಗಾಳಿ ಇತ್ತು. ಅವನ ಬಲಗೈ ಬೆರಳುಗಳು ಇನ್ನೂ ಮಡಚುತ್ತಿದ್ದವು. ಮುಖ್ಯವಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ದಾವಣಗೆರೆಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ನಾನು ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಯಿತು. ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ಒಂದು ಹೆಸರು, ಒಂದು ವಯಸ್ಸು, ಒಂದು ಊರು ತಪ್ಪಿದರೆ ಬೆಳಿಗ್ಗೆ ಫೋನ್ ಬರುತ್ತದೆ. ಹಾಗಾಗಿ ಅನುಮಾನ ಬಂದದ್ದನ್ನು ನಿಲ್ಲಿಸಿಕೊಳ್ಳುವುದು, ಖಚಿತವಾದ ಮೇಲೆಯೇ ಬಿಡುವುದು ನನಗೆ ರೂಢಿಯಾಗಿ ಹೋಗಿದೆ. ವಾರದ ರಜೆ ಮಂಗಳವಾರ. ಆ ದಿನ ಬಸ್ಸು ಹಿಡಿದು ಹರಿಹರಕ್ಕೆ ಅಣ್ಣನ ಮನೆಗೆ ಹೋಗುತ್ತಿದ್ದೆ.

ಅಣ್ಣ ಹದಿನೈದು ವರ್ಷ ನೌಕಾಪಡೆಯಲ್ಲಿದ್ದವನು. ಅಲ್ಲಿ ಅವನ ಕೆಲಸ ಯುದ್ಧದ ಹಡಗಿನಲ್ಲಿ ಅಲ್ಲ, ಹೊಸಬರಿಗೆ ಹಾಯಿ ಕಲಿಸುವ ಸಣ್ಣ ದೋಣಿಗಳನ್ನು ಸರಿಯಾಗಿ ಇಡುವುದು. ಹಗ್ಗ, ಹಾಯಿ, ಕಂಬ, ತಂತಿ. ಊರಿಗೆ ಬಂದ ಮೇಲೆ ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದ. ಮಕ್ಕಳಿರಲಿಲ್ಲ. ಹೊಳೆಯಿಂದ ಎರಡು ಬೀದಿ ಈಚೆಗೆ ಅವನ ಮನೆ, ಹಿಂದೆ ಉದ್ದನೆಯ ಹಿತ್ತಿಲು. ನಿವೃತ್ತಿಯಾದ ತಿಂಗಳೇ ಹಿತ್ತಿಲಲ್ಲಿ ಪ್ಲೈವುಡ್ ಹಾಸಿಕೊಂಡು ಹದಿನಾಲ್ಕು ಅಡಿಯ ಹಾಯಿದೋಣಿ ಶುರು ಮಾಡಿದ.

ಹರಿಹರದವರಿಗೆ ದೋಣಿ ಗೊತ್ತು, ತೆಪ್ಪ ಗೊತ್ತು. ಹಾಯಿ ಗೊತ್ತಿಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಇಣುಕಿ ಕೇಳಿದ್ದರು: "ಏನ್ರಿ ಮಿಲ್ಟ್ರಿ, ಬ್ಯಾಸಿಗ್ಯಾಗ ಈ ಹೊಳೆ ಎಮ್ಮೆ ನಡಕಂಡು ದಾಟ್ತಾವು. ನೀವು ಹಡಗು ಬಿಡ್ತೀರಾ?"

"ಎಮ್ಮೆಗೂ ಟಿಕೀಟು ಕೊಡ್ತೀನಿ, ಮೇಷ್ಟ್ರೆ. ನಿಮಗ ಅರ್ಧ ಟಿಕೀಟು. ಬರ್ರಿ."

ದೋಣಿಯ ಒಡಲು ಮುಗಿದು ಬಣ್ಣ ಕಂಡ ವರ್ಷವೇ, ಬೇಸಿಗೆಯ ಆರಂಭದಲ್ಲಿ, ಅಣ್ಣನಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ಕಷ್ಟವಾಯಿತು. ಆಮೇಲೆ ಸ್ಪ್ಯಾನರ್ ಕೈಯಿಂದ ಜಾರತೊಡಗಿತು. ದಾವಣಗೆರೆಯಲ್ಲಿ ನರರೋಗದ ವೈದ್ಯರ ಹತ್ತಿರ ನಾನೇ ಕರೆದುಕೊಂಡು ಹೋದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅವರು ಹೇಳಿದ್ದು ಸರಳವಾಗಿತ್ತು: ಸ್ನಾಯುಗಳನ್ನು ನಡೆಸುವ ನರಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತವೆ. ಮೊದಲು ಕೈ, ಆಮೇಲೆ ಕಾಲು, ಮಾತು, ನುಂಗುವುದು, ಕೊನೆಗೆ ಉಸಿರು. ನಿಲ್ಲಿಸುವ ಔಷಧ ಇಲ್ಲ. ಅಣ್ಣ ಕೇಳಿದ ಪ್ರಶ್ನೆ ಒಂದೇ.

"ಕೈ ಎಷ್ಟು ದಿನ ಇರ್ತಾವ್ರಿ ಡಾಕ್ಟ್ರೆ?"

ಅವರು ಹೇಳಲಾಗದು ಎಂದರು. ಒಬ್ಬೊಬ್ಬರಲ್ಲಿ ಒಂದೊಂದು ಥರ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿ ಪಕ್ಕ ಕೂತಿದ್ದ. ಊರು ದಾಟಿದ ಮೇಲೆ ನನ್ನ ಕಡೆ ತಿರುಗದೆಯೇ ಹೇಳಿದ: "ಕಂಬ ನಿಲ್ಲಿಸಬೇಕು. ತಂತಿ ಬಿಗೀಬೇಕು. ಒಂದ್ಸಲ ಗಾಳಿ ಹಿಡದು ನಾನಾ ನಡಸಬೇಕು ಅದನ್ನ. ಒಂದ್ಸಲ ಸಾಕು. ನೀ ಕುಂದ್ರು ಮುಂದ. ಚುಕ್ಕಾಣಿ ನನ್ನ ಕೈಯಾಗ ಇರಬೇಕು."

"ಆಗಲಿ ಅಣ್ಣ" ಎಂದೆ.

"ಆಗಲಿ ಅಂದ್ರ ಆಗಂಗಿಲ್ಲಲೇ. ಲೆಕ್ಕ ಕೇಳು." ಅವನು ಲೆಕ್ಕ ಹೇಳಿದ. ಆಷಾಢದಲ್ಲಿ ಗಾಳಿ ಇರುತ್ತದೆ, ಆದರೆ ಹೊಳೆ ಕೆಂಪಗೆ ರಭಸದಿಂದ ಹರಿಯುತ್ತದೆ, ಇಳಿಯುವ ಹಾಗಿಲ್ಲ. ದೀಪಾವಳಿ ಹೊತ್ತಿಗೆ ಹೊಳೆ ತಣ್ಣಗಾಗಿರುತ್ತದೆ, ಆದರೆ ಗಾಳಿ ಇರುವುದಿಲ್ಲ. ಎರಡರ ನಡುವೆ, ಗಣಪತಿ ಹಬ್ಬದ ಆಸುಪಾಸಿನಲ್ಲಿ, ಎರಡು ಮೂರು ವಾರ ನೀರೂ ಇರುತ್ತದೆ, ಗಾಳಿಯೂ ಇರುತ್ತದೆ. ಹೊಳೆ ಇಲ್ಲಿ ಉತ್ತರಕ್ಕೆ ಹರಿಯುತ್ತದೆ, ಗಾಳಿ ಪಡುವಣದಿಂದ ಅಡ್ಡ ಬೀಸುತ್ತದೆ. ಹೋಗುವುದೂ ಸಲೀಸು, ಬರುವುದೂ ಸಲೀಸು.

ನೌಕಾಪಡೆಯವನು ಹೇಳಿದ ಈ ಲೆಕ್ಕ ನನಗೂ ಗೊತ್ತಿರಬೇಕಾದದ್ದೇ. ನಮ್ಮ ಪತ್ರಿಕೆಯ ಹವಾಮಾನದ ಸುದ್ದಿಯನ್ನು ಎಷ್ಟೋ ವರ್ಷ ನಾನೇ ತಿದ್ದಿದ್ದೇನೆ.

*

ಹಾಯಿ ಹೊಲಿದವರು ದಾವಣಗೆರೆಯ ಒಬ್ಬ ತಾಡಪಾಲಿನ ದರ್ಜಿ. ಲಾರಿಗೆ ಹೊದಿಸುವ ತಾಡಪಾಲು, ಮದುವೆಯ ಶಾಮಿಯಾನ ಹೊಲಿಯುವ ಹಿರಿಯರು. ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ಶಾಮಿಯಾನ ಬಾಡಿಗೆಗೂ ಕೊಡುತ್ತಾರೆ. ಅಣ್ಣ ಕಾಗದದ ಮೇಲೆ ಬರೆದ ಆಕಾರವನ್ನು ಅವರು ಬಹಳ ಹೊತ್ತು ನೋಡಿದರು.

"ಫೌಜಿ ಸಾಬ್, ಇದು ಒಂದು ಕಡೆ ಸೀದಾ ಐತೆ, ಒಂದು ಕಡೆ ಹೊಟ್ಟೆ ಬಂದೈತೆ. ನಾನು ಹೊಟ್ಟೆ ಬಂದಂಗೆ ಹೊಲಿದ್ರೆ ಗಿರಾಕಿ ಬೈತಾರೆ."

"ಇದಕ್ಕ ಹೊಟ್ಟಿ ಬೇಕ್ರಿ ಚಾಚಾ. ಗಾಳಿ ಅದರಾಗ ತುಂಬಬೇಕು."

"ನಲವತ್ತು ವರ್ಸ ಗಾಳಿ ಒಳಗೆ ಹೋಗಬಾರದು ಅಂತ ಹೊಲಿದೀನಿ. ಈಗ ಗಾಳಿ ಒಳಗೆ ಇಡಬೇಕಾ!" ಅವರು ನಕ್ಕರು. ಆದರೆ ಹೊಲಿದುಕೊಟ್ಟದ್ದು ಅಚ್ಚುಕಟ್ಟಾಗಿತ್ತು. ಮೂಲೆಗಳಿಗೆ ಮೂರು ಪದರ ಬಟ್ಟೆ, ಹಗ್ಗ ಪೋಣಿಸಲು ಹಿತ್ತಾಳೆಯ ಕಣ್ಣು. "ನೀರಿಗೆ ಇಳಿಸೋ ದಿನ ನನಗೆ ಹೇಳ್ಬೇಕು. ನನ್ನ ಕೆಲಸ ಗಾಳಿಯಲ್ಲಿ ನೋಡ್ಬೇಕು" ಎಂದರು.

ಕಂಬ ಅಲ್ಯುಮಿನಿಯಂ ಕೊಳವೆ, ಹದಿನೆಂಟು ಅಡಿ. ಅದನ್ನು ಎತ್ತಿ ನಿಲ್ಲಿಸಿದ್ದು ಶ್ರಾವಣದ ಒಂದು ಮಂಗಳವಾರ. ನಾನು, ಮೇಷ್ಟ್ರು, ಅತ್ತಿಗೆ ಸೇರಿ ಎತ್ತಿದೆವು, ಅಣ್ಣ ಕುರ್ಚಿಯಲ್ಲಿ ಕೂತು ಹೇಳಿದ. ಕಂಬವನ್ನು ಹಿಡಿದಿಡುವುದು ಮೂರು ಉಕ್ಕಿನ ತಂತಿಗಳು: ಮುಂದಕ್ಕೆ ಒಂದು, ಎಡಬಲಕ್ಕೆ ಒಂದೊಂದು. ಪಕ್ಕದ ತಂತಿಗಳ ಬುಡದಲ್ಲಿ ಟರ್ನ್‌ಬಕಲ್, ಅಂದರೆ ತಿರುಗಿಸಿದರೆ ಬಿಗಿಯಾಗುವ ತಿರುಪಿನ ಕೊಂಡಿ. ತಂತಿಗಳನ್ನು ಗೋವಾದಿಂದ ಅಣ್ಣನ ಹಳೆಯ ಸಹೋದ್ಯೋಗಿಯೊಬ್ಬರು ಬಸ್ಸಿನಲ್ಲಿ ಕಳಿಸಿದ್ದರು. ಒಂದು ದೋಣಿಯಿಂದ ಬಿಚ್ಚಿದ್ದವು, ಆದರೆ ಚೆನ್ನಾಗಿವೆ ಎಂದಿದ್ದರು.

ಕಂಬ ನಿಂತಿತು ಎಂದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಅಲ್ಲಿಂದಲೇ ಶುರು. ಮೊದಲು ದೋಣಿಯನ್ನು ಮಟ್ಟಸ ಕೂರಿಸಬೇಕು. ಗಾರೆ ಕೆಲಸದವರ ನೀರುಮಟ್ಟ ಇಟ್ಟು ನೋಡಿ, ಒಂದು ಕಡೆಗೆ ಹಳೆಯ ಪತ್ರಿಕೆ ಮಡಚಿ ಕೊಟ್ಟೆವು. ಆಮೇಲೆ ಹಾಯಿ ಏರಿಸುವ ಹಗ್ಗಕ್ಕೆ ಅಳತೆಯ ಟೇಪು ಕಟ್ಟಿ ತುದಿಯವರೆಗೆ ಏರಿಸಿ, ಅಲ್ಲಿಂದ ದೋಣಿಯ ಎಡ ಅಂಚಿಗೆ ಎಷ್ಟು, ಬಲ ಅಂಚಿಗೆ ಎಷ್ಟು ಎಂದು ಅಳೆಯಬೇಕು. ಎರಡೂ ಒಂದೇ ಬಂದರೆ ಕಂಬ ನಡುವೆ ಇದೆ ಎಂದರ್ಥ. ಬಾರದಿದ್ದರೆ ಒಂದು ಕಡೆ ಅರ್ಧ ಸುತ್ತು ಸಡಿಲ, ಇನ್ನೊಂದು ಕಡೆ ಅರ್ಧ ಸುತ್ತು ಬಿಗಿ. ಮತ್ತೆ ಅಳತೆ. ಕಂಬ ತುಸು ಹಿಂದಕ್ಕೆ ವಾಲಿರಬೇಕು. ಅದಕ್ಕೆ ತುದಿಯಿಂದ ತೂಗುಗುಂಡು ಇಳಿಬಿಟ್ಟು, ಬುಡದಿಂದ ಎಷ್ಟು ಬೆರಳು ದೂರ ನಿಂತಿತು ಎಂದು ನೋಡುವುದು. ಗಾಳಿ ಬಂದು ಗುಂಡು ಅಲ್ಲಾಡಿದರೆ, ಅಣ್ಣ ಅದನ್ನು ಎಣ್ಣೆಯ ಡಬ್ಬಿಯಲ್ಲಿ ಮುಳುಗಿಸು ಎನ್ನುತ್ತಿದ್ದ. ಎಣ್ಣೆಯಲ್ಲಿ ಗುಂಡು ಅಲ್ಲಾಡದೆ ನಿಲ್ಲುತ್ತದೆ. ಅತ್ತಿಗೆ ಒಂದು ಡಬ್ಬಿ ಕಡಲೆಕಾಯಿ ಎಣ್ಣೆ ಕೊಟ್ಟು, "ಕರಿಯಾಕ ಬೇಕು, ವಾಪಸ್ ಕೊಡ್ರಿ" ಎಂದಿದ್ದರು.

ಅಳತೆಯೆಲ್ಲ ಸರಿ ಬಂದ ಮೇಲೂ ಅಣ್ಣ ಒಪ್ಪುತ್ತಿರಲಿಲ್ಲ. ಎದ್ದು ಬಂದು ತೋರುಬೆರಳಿನಿಂದ ಬಲದ ತಂತಿಯನ್ನು ಮೀಟುತ್ತಿದ್ದ, ಆಮೇಲೆ ಎಡದ್ದನ್ನು. ಕಿವಿ ಕೊಟ್ಟು ನಿಲ್ಲುತ್ತಿದ್ದ. ಎರಡೂ ಒಂದೇ ದನಿ ಕೊಡಬೇಕು. ಇದು ನೌಕಾಪಡೆ ಕಲಿಸಿದ್ದಲ್ಲ. ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದ. ಮಗ್ಗಕ್ಕೆ ಹಾಸು ಏರಿಸಿದ ಮೇಲೆ ನೂಲನ್ನು ಬೆರಳಲ್ಲಿ ತಟ್ಟಿ ಬಿಗಿ ನೋಡುವುದು ಅವನ ಅಭ್ಯಾಸ. ಮನೆಯಲ್ಲಿ ಬಟ್ಟೆ ಒಣಹಾಕುವ ತಂತಿಯನ್ನೂ ಮೀಟದೆ ಅದರ ಕೆಳಗೆ ಹಾದುಹೋಗುತ್ತಿರಲಿಲ್ಲ. ಅಮ್ಮ ಒಳಗಿನಿಂದ, "ನುಡಿಸಿದ್ದು ಸಾಕು, ಉಣ್ಣಾಕ ಬರ್ರಿ" ಎಂದು ಕೂಗುತ್ತಿದ್ದಳು. ಗಿರಣಿ ಮುಚ್ಚಿತು, ಅಪ್ಪನೂ ಹೋದ. ಆ ಬೆರಳು ಅಣ್ಣನಿಗೆ ಬಂದಿತ್ತು. ನನಗೆ ಬರಲಿಲ್ಲ. ನನಗೆ ಎರಡೂ ತಂತಿ ಯಾವಾಗಲೂ ಒಂದೇ ಥರ ಕೇಳಿಸುತ್ತಿದ್ದವು.

"ಎಡಗಡಿ ಕಾಲು ಸುತ್ತು" ಎನ್ನುತ್ತಿದ್ದ. ತಿರುಗಿಸುತ್ತಿದ್ದೆ. ಮತ್ತೆ ಮೀಟುತ್ತಿದ್ದ. "ಹಾಂ. ಈಗ ಅಣ್ಣತಮ್ಮ ಆದವು."

ಪ್ರತಿ ಸಲ ಟರ್ನ್‌ಬಕಲ್ ಬಿಗಿದ ಮೇಲೆ ಅದರ ತೂತಿಗೆ ಒಂದು ಸಣ್ಣ ಪಿನ್ನು ಹಾಕಿ, ಪಿನ್ನಿನ ಸೀಳು ತುದಿಯನ್ನು ಅಗಲಿಸಿ, ಮೇಲೆ ಟೇಪು ಸುತ್ತಬೇಕು. ಇಲ್ಲದಿದ್ದರೆ ಅಲುಗಾಟಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ. ನಾನು ಪಿನ್ನು ಹಾಕಿ, ಟೇಪು ಸುತ್ತಿ, ಮತ್ತೆ ಟೇಪು ಬಿಚ್ಚಿ ಪಿನ್ನು ನೋಡುತ್ತಿದ್ದೆ. ಅಣ್ಣ ಕುರ್ಚಿಯಿಂದಲೇ ಕೆಣಕುತ್ತಿದ್ದ: "ಪ್ರೂಫ್ ನೋಡಿದ್ದು ಮುಗೀತೇನ್ರಿ ಸಂಪಾದಕ್ರೆ? ಅಚ್ಚಿಗೆ ಹೋಗಾಣೇನು?"

ಅತ್ತಿಗೆ ತಮ್ಮ ಹಳೆಯ ಸ್ವೆಟರಿನಿಂದ ಕೆಂಪು ಉಣ್ಣೆಯ ಎಳೆ ಬಿಚ್ಚಿ ಕೊಟ್ಟರು. ಅದನ್ನು ಪಕ್ಕದ ತಂತಿಗಳಿಗೆ ಕಟ್ಟಿದೆವು, ಗಾಳಿ ಎತ್ತಲಿಂದ ಬರುತ್ತದೆ ಎಂದು ತಿಳಿಯಲು. ಶ್ರಾವಣ ಭಾದ್ರಪದದಲ್ಲಿ ಆ ಎಳೆ ಸುಮ್ಮನಿರಲೇ ಇಲ್ಲ.

*

ಗಣಪತಿ ಬಿಟ್ಟ ಮೇಲಿನ ಮಂಗಳವಾರ ನೀರಿಗೆ ಇಳಿಸುವುದೆಂದು ನಿಶ್ಚಯವಾಗಿತ್ತು. ಕೊಟ್ಟಿಗೆಯ ಗೊಬ್ಬರ ಸಾಗಿಸುವ ಟ್ರ್ಯಾಕ್ಟರಿನ ಟ್ರೇಲರ್ ತೊಳೆದು ತರಲು ಹತ್ತಿರದ ಸಾರಥಿ ಎಂಬ ಊರಿನ ಒಬ್ಬ ರೈತರಿಗೆ ಹೇಳಿಟ್ಟಿದ್ದೆವು. ಅಣ್ಣ ಬೆಳಿಗ್ಗೆಯೇ ಗಡ್ಡ ಮಾಡಿಸಿಕೊಂಡು, ತನ್ನ ಹಳೆಯ ಬಿಳಿ ಚಡ್ಡಿ ಹಾಕಿಕೊಂಡು ಹಿತ್ತಿಲಲ್ಲಿ ಕೂತಿದ್ದ. ಅಂಗಿಯ ಗುಂಡಿಗಳನ್ನು ಅತ್ತಿಗೆ ಹಾಕಿದ್ದರು. ಆದರೆ ಚಹಾದ ಲೋಟ ಅವನೇ ಹಿಡಿದಿದ್ದ, ಎರಡೂ ಕೈಯಲ್ಲಿ. ಇದನ್ನು ನಾನು ಗಮನಿಸಿದ್ದೆ.

ಟ್ರ್ಯಾಕ್ಟರ್ ಬರುವ ಮೊದಲು ಕೊನೆಯ ಸಲ ಏಣಿ ಹತ್ತಿ ತಂತಿಗಳನ್ನು ಬಟ್ಟೆಯಿಂದ ಒರೆಸುತ್ತಿದ್ದೆ. ಎಡಗಡೆಯದರಲ್ಲಿ, ಮೇಲಿನ ಕೊಂಡಿಯಿಂದ ಒಂದು ಗೇಣು ಕೆಳಗೆ, ಬಟ್ಟೆ ಸಿಕ್ಕಿಕೊಂಡಿತು. ಕಣ್ಣು ಹತ್ತಿರ ತಂದು ನೋಡಿದೆ. ತಂತಿಯಲ್ಲಿ ಹತ್ತೊಂಬತ್ತು ಎಳೆ. ಒಂದು ಕಡಿದು ಮೀಸೆಯ ಕೂದಲಿನ ಹಾಗೆ ಹೊರಗೆ ಚಾಚಿತ್ತು.

ಕೆಳಗಿಳಿದು ಹೇಳಿದೆ.

"ಎಷ್ಟು?" ಎಂದ.

"ಒಂದು."

"ಉಳಿದಿದ್ದು ಹದಿನೆಂಟು. ಅರ್ಧ ತಾಸಿಗೆ ಏನಾಗಂಗಿಲ್ಲ. ನಡಿ."

"ಇನ್ನೊಂದು ಕಡೀತು ಅಂದ್ರೆ? ಕಂಬ ಬೀಳುತ್ತೆ, ಅಣ್ಣ. ನಡು ಹೊಳೆಯಲ್ಲಿ."

"ಎಡಗಡಿ ತಂತಿ ಮ್ಯಾಲೆ ಭಾರ ಬೀಳದಂಗ, ಗಾಳಿ ಬಲಗಡಿಗೆ ಇಟಗಂಡು, ಒಂದಾ ಕಡಿ ಹೋಗಿ ಬರಾಣ. ಬ್ಯಾಡಂದ್ರ ಬಜಾರದಾಗ ಜಿಐ ತಂತಿ ಸಿಗ್ತೈತೆ. ಎರಡು ಕ್ಲಾಂಪ್ ಹಾಕು. ಅರ್ಧ ತಾಸಿನ ಕೆಲಸ."

ಒಂದೇ ಕಡೆ ಹೋಗಿ ಬರುವುದು ಎಂದರೇನು ಎಂದು ನಾನು ಕೇಳಲಿಲ್ಲ. ಜಿಐ ತಂತಿ ತರಲು ಹೋಗಲೂ ಇಲ್ಲ. ಅಳತೆಗೆ ಸರಿಯಾದ ತಂತಿ ಗೋವಾದಿಂದಲೇ ಬರಲಿ, ಒಂದು ವಾರ ತಡವಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದೆ. ಅಷ್ಟು ದಿನ ಕಾದು ಈಗ ಅರೆಬರೆ ಮಾಡುವುದು ಬೇಡ ಎಂದೆ. ನನ್ನ ದನಿ ಡೆಸ್ಕಿನಲ್ಲಿ ಹೊಸ ವರದಿಗಾರರೊಂದಿಗೆ ಮಾತಾಡುವಾಗಿನ ದನಿಯಾಗಿತ್ತು. ನನಗೇ ಕೇಳಿಸಿತು.

ಈಗ ಬರೆಯುವಾಗ ಇನ್ನೊಂದನ್ನೂ ಸೇರಿಸಬೇಕು. ನನಗೆ ಹೆದರಿಕೆ ಇತ್ತು. ನನಗೆ ಸರಿಯಾಗಿ ಈಜು ಬಾರದು. ಲೋಟವನ್ನು ಎರಡು ಕೈಯಲ್ಲಿ ಹಿಡಿಯುವ ಮನುಷ್ಯನ ಚುಕ್ಕಾಣಿ ನಂಬಿ ತುಂಬಿದ ಹೊಳೆಗೆ ಇಳಿಯುವುದು ನನಗೆ ವಾರಗಳಿಂದ ಒಳಗೊಳಗೇ ಬೇಡವಾಗಿತ್ತು. ಕಡಿದ ಎಳೆ ಸಿಕ್ಕಾಗ ನನಗೆ ಆತಂಕವಾಯಿತು ಎಂದು ಆಗ ಎಲ್ಲರಿಗೂ ಹೇಳಿದೆ. ಆದದ್ದು ನಿರಾಳ.

ಅತ್ತಿಗೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. "ಮುಂದಿನ ವಾರ ಅಂದ್ರ ಪಕ್ಷ ಬಂತಲ್ರಿ. ಪಕ್ಷದಾಗ ಹೊಸಾದು ಯಾರರ ಶುರು ಮಾಡ್ತಾರೇನು? ಹಿರೇರು ಬರೋ ದಿನ ಅವು. ಆಯುಧಪೂಜಿಗೆ ದೋಣಿಗೂ ಪೂಜಿ ಮಾಡಿ, ಮರುದಿನ ಬನ್ನಿ ಹಬ್ಬಕ್ಕ ಇಳಸ್ರಿ. ಚಲೋ ದಿನ."

ನಾನು ದಿನ, ಗಳಿಗೆ ನೋಡುವವನಲ್ಲ. ಮನೆ ಕಟ್ಟಿಸುವಾಗಲೂ ನೋಡಲಿಲ್ಲ. ಆದರೆ ಅವತ್ತು, "ಅತ್ತಿಗೆ ಹೇಳೋದು ಸರಿ" ಎಂದೆ.

ಅಣ್ಣ ನಮ್ಮಿಬ್ಬರನ್ನೂ ನೋಡಲಿಲ್ಲ. ಎಡಗಡೆಯ ತಂತಿಗೆ ಕಟ್ಟಿದ್ದ ಕೆಂಪು ಎಳೆಯನ್ನು ನೋಡುತ್ತಿದ್ದ. ಅದು ಮೂಡಣಕ್ಕೆ ನೆಟ್ಟಗೆ ಚಾಚಿ ಪಟಪಟ ಅನ್ನುತ್ತಿತ್ತು.

"ಪಕ್ಷ ಮುಗಿಯೋ ಹೊತ್ತಿಗೆ ಗಾಳಿ ಹೋಗಿರ್ತೈತಲೇ" ಎಂದ.

ಅಷ್ಟೇ. ಜಗಳ ಮಾಡಲಿಲ್ಲ. ಗದರಿಸಿದ್ದರೆ ನಾನು ಒಪ್ಪುತ್ತಿದ್ದೆನೋ ಏನೋ. ಟ್ರ್ಯಾಕ್ಟರ್ ಬಂತು. ಇವತ್ತು ಇಲ್ಲ ಎಂದು ಹೇಳಿ, ಮಂಡಕ್ಕಿ ಕೊಟ್ಟು ಕಳಿಸಿದೆವು.

*

ಗೋವಾದ ಮಿತ್ರರು ಊರಲ್ಲಿರಲಿಲ್ಲ. ಹೊಸ ತಂತಿ ಬರಲು ಒಂದು ವಾರವಲ್ಲ, ಹನ್ನೊಂದು ದಿನ ಹಿಡಿಯಿತು. ಪಕ್ಷದ ಎರಡನೇ ಮಂಗಳವಾರ ಅದನ್ನು ಹಾಕಿದೆ. ಅಳತೆ ತೆಗೆದೆ, ತೂಗುಗುಂಡು ಬಿಟ್ಟೆ. ಅಣ್ಣ ಎದ್ದು ಬಂದು ಮೀಟಲು ಕೈ ಎತ್ತಿದ. ತೋರುಬೆರಳು ತಂತಿಯ ಮೇಲೆ ಇಟ್ಟ. ಬೆರಳು ಅಲ್ಲೇ ಇತ್ತು, ಎಳೆಯಲಿಲ್ಲ. ಇನ್ನೊಮ್ಮೆ ಪ್ರಯತ್ನ ಮಾಡಿದ. ಆಮೇಲೆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿ, ಕುರ್ಚಿಗೆ ಹೋಗಿ ಕೂತ.

"ನೀ ಮೀಟು" ಎಂದ.

ಬಲದ್ದನ್ನು ಮೀಟಿದೆ, ಎಡದ್ದನ್ನು ಮೀಟಿದೆ. ಅವನು ಕಣ್ಣು ಮುಚ್ಚಿ ಕೇಳಿದ. "ಎಡಗಡಿ ಕಾಲು ಸುತ್ತು" ಎಂದ. ಮಾತು ಆಗಲೇ ತೊದಲುತ್ತಿತ್ತು. 'ಸುತ್ತು' ಎನ್ನಲು ಅವನಿಗೆ ಎರಡು ಸಲ ಬೇಕಾಯಿತು.

ಮಹಾಲಯ ಅಮಾವಾಸ್ಯೆಯ ದಿನ ಅಪ್ಪ ಅಮ್ಮನಿಗೆ ಎಡೆ ಇಟ್ಟೆವು. ಅಣ್ಣನಿಗೆ ಅತ್ತಿಗೆ ಹೋಳಿಗೆ ಕಲಸಿ ತಿನ್ನಿಸಿದರು. ಆಮೇಲೆ ಚಹಾದ ಲೋಟ ಅವನ ಕೈಯಲ್ಲಿ ನಾನು ಕಾಣಲಿಲ್ಲ.

ಆಯುಧಪೂಜೆಯ ದಿನ ಹಿತ್ತಿಲು ತುಂಬ ಚೆಂಡು ಹೂವು. ಅತ್ತಿಗೆ ಸ್ಪ್ಯಾನರ್, ಉಳಿ, ಅಳತೆಯ ಟೇಪು, ತೂಗುಗುಂಡು ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿ ವಿಭೂತಿ ಕುಂಕುಮ ಹಚ್ಚಿದರು. ಹಾಯಿಕಂಬಕ್ಕೆ ಬಾಳೆಕಂದು ಕಟ್ಟಿದರು. ಮೇಷ್ಟ್ರು ಬೂದುಗುಂಬಳ ಒಡೆದರು. ಪೂಜೆ ಮಾಡಿದ ಆಯುಧವನ್ನು ಆ ದಿನ ಮುಟ್ಟುವ ಹಾಗಿಲ್ಲ, ಆದ್ದರಿಂದ ದೋಣಿಯನ್ನು ಇಳಿಸಿದ್ದು ಮರುದಿನ. ಕೆಂಪು ಉಣ್ಣೆಯ ಎಳೆಯ ಮೇಲೂ ಯಾರೋ ಕುಂಕುಮ ಹಚ್ಚಿದ್ದರು. ಒದ್ದೆಯಾಗಿ ತಂತಿಗೆ ಅಂಟಿಕೊಂಡಿತ್ತು. ಬಿಡಿಸಿದೆ. ಬಿಡಿಸಿದ ಮೇಲೂ ಅದು ಕೆಳಕ್ಕೇ ಜೋತುಬಿದ್ದಿತ್ತು.

ಹೊಳೆ ಕನ್ನಡಿಯ ಹಾಗಿತ್ತು. ಸೇತುವೆಯ ಕಂಬಗಳು ನೀರಿನಲ್ಲಿ ತಲೆಕೆಳಗಾಗಿ ಅಲ್ಲಾಡದೆ ನಿಂತಿದ್ದವು. ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ನೋಡಿದರು. ತಾಡಪಾಲಿನ ಚಾಚಾ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ದಾವಣಗೆರೆಯಿಂದ ಬಂದಿದ್ದರು. ಸಾರಥಿಯ ರೈತರು, ಮೇಷ್ಟ್ರು ಸೇರಿ ಅಣ್ಣನನ್ನು ಎತ್ತಿ ದೋಣಿಯಲ್ಲಿ ಕೂರಿಸಿದರು. ಇಬ್ಬರಿಗೂ ಲೈಫ್ ಜಾಕೆಟ್. ನಾನು ಹಾಯಿ ಏರಿಸಿದೆ. ಅದು ಏರಿತು, ಸಲೀಸಾಗಿ, ಎಲ್ಲೂ ಸಿಕ್ಕಿಕೊಳ್ಳದೆ. ಏರಿ, ಒಣಹಾಕಿದ ಸೀರೆಯ ಹಾಗೆ ನೇತಾಡಿತು.

ಹುಟ್ಟು ಹಾಕಿಕೊಂಡು ನಡು ಹೊಳೆಗೆ ಹೋದೆವು. ಅಣ್ಣನ ಬಲಗೈಯನ್ನು ಎತ್ತಿ ಚುಕ್ಕಾಣಿಯ ಹಿಡಿಯ ಮೇಲೆ ಇಟ್ಟೆ. ಜಾರಿತು. ಮತ್ತೆ ಇಟ್ಟೆ. ಜೇಬಿನಲ್ಲಿ ಕರವಸ್ತ್ರ ಇತ್ತು. ಕಟ್ಟಲು ಹೋದೆ.

"ಕಟ್ಟಬ್ಯಾಡ" ಎಂದ.

ಅವನ ಕೈಯ ಮೇಲೆ ನನ್ನ ಕೈ ಇಟ್ಟು ಹಿಡಿದು ಕೂತೆ. ಚುಕ್ಕಾಣಿಗೆ ಯಾವ ಭಾರವೂ ಇರಲಿಲ್ಲ. ದೋಣಿ ಓಡಿದರೆ ಮಾತ್ರ ಅದಕ್ಕೆ ನೀರಿನ ಒತ್ತು ಸಿಗುತ್ತದೆ ಎಂದು ಅವನೇ ಹೇಳಿಕೊಟ್ಟಿದ್ದ. ಸುಮಾರು ಒಂದು ಗಂಟೆ ಕಾದೆವು. ಪಡುವಣದ ದಂಡೆಯ ತೆಂಗಿನ ಗರಿಗಳನ್ನು ಅವನು ನೋಡುತ್ತಿದ್ದ, ನಾನೂ ನೋಡುತ್ತಿದ್ದೆ. ಅಲ್ಲಾಡಲಿಲ್ಲ. ಹೊಳೆಯ ಸೆಳವು ನಮ್ಮನ್ನು ನಿಧಾನವಾಗಿ ಸೇತುವೆಯ ಕಡೆ ಒಯ್ಯುತ್ತಿತ್ತು, ನಾನು ಆಗಾಗ ಎದ್ದು ಹುಟ್ಟು ಹಾಕಿ ಹಿಂದಕ್ಕೆ ತರುತ್ತಿದ್ದೆ. ದಂಡೆಯಿಂದ ಚಾಚಾ ಕೂಗಿದರು: "ಫೌಜಿ ಸಾಬ್! ಹೊಟ್ಟೆ ತುಂಬಿಲ್ಲ!" ತಮಾಷೆಗೇ ಕೂಗಿದರು. ಅಣ್ಣ ನಗಲು ನೋಡಿದ.

ವಾಪಸು ಹೊರಡುವ ಮೊದಲು ನನಗೆ ಕಣ್ಣಲ್ಲೇ ತಂತಿ ತೋರಿಸಿದ. ಮೀಟು ಎಂದು ಅರ್ಥವಾಯಿತು. ಬಲದ್ದನ್ನು ಮೀಟಿದೆ. ಎಡದ್ದನ್ನು ಮೀಟಿದೆ. ಗಾಳಿ ಇಲ್ಲದ ಹೊಳೆಯ ಮೇಲೆ ದನಿ ಬಹಳ ದೂರ ಹೋಯಿತು. ನನ್ನ ಕಿವಿಗೆ ಆ ದಿನವೂ ಎರಡೂ ಒಂದೇ.

"ಸರಿ ಐತೆ" ಎಂದ.

ದಂಡೆಗೆ ಬಂದ ಮೇಲೆ ಚಾಚಾ ಹಾಯಿಯ ಮೂಲೆಗಳನ್ನು ಮುಟ್ಟಿ ನೋಡಿ ತೃಪ್ತಿಪಟ್ಟರು. ಮನೆಗೆ ವಾಪಸು ಬಂದಾಗ ಹಿತ್ತಿಲಲ್ಲಿ ಸುರುಳಿ ಸುತ್ತಿ ಬಿದ್ದಿದ್ದ ಹಳೆಯ ತಂತಿ ಅವರ ಕಣ್ಣಿಗೆ ಬಿತ್ತು. "ಇದು ನಿಮಗೆ ಬ್ಯಾಡಾದ್ರೆ ಶಾಮಿಯಾನಕ್ಕೆ ಬರ್ತದೆ" ಎಂದರು. ಒಂದು ಎಳೆ ಕಡಿದಿದೆ, ಹುಷಾರು ಎಂದು ಹೇಳಿ ಕೊಟ್ಟೆ.

ಅಣ್ಣ ಸಂಕ್ರಾಂತಿಗೆ ಮೊದಲೇ ಹೋದ. ಮನೆಯಲ್ಲೇ, ಬೆಳಿಗ್ಗೆ ಹತ್ತರ ಸುಮಾರಿಗೆ. ಉಸಿರಾಟ ನಿಂತದ್ದು ಎಂದು ವೈದ್ಯರು ಬರೆದರು. ನಮ್ಮ ಪತ್ರಿಕೆಯಲ್ಲಿ ನಿಧನ ವಾರ್ತೆ ನಾಲ್ಕು ಸಾಲು ಬಂತು. ನಾನೇ ಬರೆದೆ. ನಿವೃತ್ತ ನೌಕಾಪಡೆ ಸಿಬ್ಬಂದಿ, ವಯಸ್ಸು, ಪತ್ನಿ ಇದ್ದಾರೆ, ಅಂತ್ಯಕ್ರಿಯೆ ಹರಿಹರದಲ್ಲಿ. ತಪ್ಪು ಯಾವುದೂ ಇರಲಿಲ್ಲ.

*

ಆಷಾಢ ಬಂತು. ಒಂದು ದಿನ ಅತ್ತಿಗೆ ಆಫೀಸಿಗೆ ಫೋನ್ ಮಾಡಿದರು. ಅವರು ಆಫೀಸಿಗೆ ಫೋನ್ ಮಾಡುವವರಲ್ಲ.

"ಆ ಕಂಬ ಇಳಿಸಿಬಿಡ್ರಿ. ಹಗಲೆಲ್ಲ ಅದರ ತಂತಿ ಕೂಗ್ತಾವು. ಅಡಗಿ ಮನ್ಯಾಗ ನಿಂತ್ರೂ ಕೇಳ್ತೈತಿ."

ಮಂಗಳವಾರ ಹೋದೆ. ಹಿತ್ತಿಲಿಗೆ ಕಾಲಿಡುವ ಮೊದಲೇ ಕೇಳಿಸಿತು. ಪಡುವಣದ ಗಾಳಿ ಎರಡೂ ತಂತಿಗಳನ್ನು ಹಿಡಿದು ಮೀಟುತ್ತಿತ್ತು, ಬಿಡದೆ, ಒಂದೇ ದನಿಯಲ್ಲಿ. ಕೆಂಪು ಎಳೆ ಬಿಸಿಲಿಗೆ ಬಣ್ಣ ಹೋಗಿ ಗುಲಾಬಿಯಾಗಿತ್ತು. ಮೂಡಣಕ್ಕೆ ಚಾಚಿತ್ತು. ಟೇಪು ಬಿಚ್ಚಿದೆ, ಪಿನ್ನುಗಳನ್ನು ನೆಟ್ಟಗೆ ಮಾಡಿ ಹೊರಗೆಳೆದೆ, ಟರ್ನ್‌ಬಕಲ್‌ಗಳನ್ನು ಸುತ್ತು ಸುತ್ತಾಗಿ ಸಡಿಲಿಸಿದೆ. ಸಡಿಲವಾದಂತೆ ದನಿ ಕೆಳಗಿಳಿಯುತ್ತ ಹೋಗಿ ನಿಂತಿತು. ಮೇಷ್ಟ್ರು ಬಂದು ಕಂಬ ಹಿಡಿದರು.

ಕಂಬ ಗೋಡೆಯ ಬುಡದಲ್ಲಿ ಮಲಗಿದ ಮೇಲೆ ಅತ್ತಿಗೆ ಚಹಾ ತಂದರು. "ಪಕ್ಷ ಅಂತ ನಾ ತಡದೆ" ಎಂದರು. "ದೋಣಿ ಇಳಿಯೋ ತನಕ ಅವರು ಇರ್ತಾರೆ ಅನ್ಕಂಡಿದ್ದೆ. ಇಳಿದ್ರ ಮುಗೀತು ಅನ್ನಿಸಿತ್ತು. ದಿನ ಮುಂದ ಹೋದ್ರ ಅವರೂ ಅಷ್ಟು ದಿನ..."

ನೀವಲ್ಲ, ತಡೆದದ್ದು ನಾನು ಎಂದು ಹೇಳಬೇಕಿತ್ತು. "ನಿಮ್ಮದೇನೂ ಇಲ್ಲ ಅತ್ತಿಗೆ" ಎಂದಷ್ಟೇ ಅಂದೆ.

ಅದೇ ವಾರ, ದಾವಣಗೆರೆಯಲ್ಲಿ, ಹಾಯಿ ಬಟ್ಟೆಯನ್ನು ಏನು ಮಾಡಬೇಕೆಂದು ಕೇಳಲು ಚಾಚಾ ಅಂಗಡಿಗೆ ಹೋದೆ. ಅಣ್ಣನ ವಿಷಯ ಮಾತಾಡಿದೆವು. ಅವರು ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡರು. ಹಾಯಿಯನ್ನು ಬಿಚ್ಚಿ ಬೇರೇನೂ ಹೊಲಿಸಬೇಡಿ, ಹಾಗೇ ಇಟ್ಟುಕೊಳ್ಳಿ ಎಂದರು. ಆಮೇಲೆ, ನನ್ನ ಮನಸ್ಸು ಬೇರೆ ಕಡೆ ತಿರುಗಿಸಲು ಇರಬೇಕು, ಎದುರಿನ ಬಯಲಿನಲ್ಲಿ ಯಾವುದೋ ಸಭೆಗೆ ಹಾಕಿದ್ದ ಶಾಮಿಯಾನ ತೋರಿಸಿದರು.

"ನೀವು ಕೊಟ್ಟ ತಂತಿ ಅದೇ ನೋಡ್ರಿ ಸಾರ್, ಮೂಲೇದು. ಎಲ್ಲಾ ಮದುವೆಗೂ ಅದೇ ಹಾಕ್ತೀನಿ. ಮೊನ್ನೆ ಲೋಕಿಕೆರೆಯಾಗ ಎಂಥಾ ಗಾಳಿ! ಗೂಟ ಕಿತ್ಕೊಂಡು ಬಂತು, ಹಗ್ಗ ಹರೀತು, ತಂತಿ ಮಾತ್ರ ಪಕ್ಕಾ. ಕಡಿದಿದ್ದು ಆ ಒಂದೇ ಎಳೆ. ಇನ್ನೊಂದು ಕಡೀಲಿಲ್ಲ."

ಶಾಮಿಯಾನದ ಭಾರ ಬೇರೆ, ಹಾಯಿಕಂಬದ ಭಾರ ಬೇರೆ. ಅದರಿಂದ ಏನನ್ನೂ ಖಚಿತವಾಗಿ ಹೇಳಲಾಗದು ಎಂದು ನನಗೆ ಗೊತ್ತು. ಆ ಮಂಗಳವಾರ ನಡು ಹೊಳೆಯಲ್ಲಿ ಏನಾಗುತ್ತಿತ್ತು ಎಂದು ಪರಿಶೀಲಿಸಲು ಯಾವ ಮಾರ್ಗವೂ ಈಗ ಉಳಿದಿಲ್ಲ.

ಬಯಲು ದಾಟಿ ಶಾಮಿಯಾನದ ಮೂಲೆಗೆ ಹೋದೆ. ಬಟ್ಟೆ ಗಾಳಿಗೆ ಉಬ್ಬಿ, ಹೊಟ್ಟೆ ಬಂದು, ತಂತಿಯನ್ನು ಎಳೆದು ನಿಂತಿತ್ತು. ಕೊಂಡಿಯಿಂದ ಒಂದು ಗೇಣು ಕೆಳಗೆ ಆ ಎಳೆ ಇತ್ತು, ತುದಿ ತುಕ್ಕು ಹಿಡಿಯದೆ ಹೊಳೆಯುತ್ತಿತ್ತು. ಉಳಿದವನ್ನು ಎಣಿಸಿದೆ. ಹದಿನೆಂಟು. ಇನ್ನೊಮ್ಮೆ ಎಣಿಸಿದೆ.